ಉದ್ದ ಬರೆದಿಡದ ಭಾಷೆ

ಸಿ ಭಾಷೆಯಲ್ಲಿ ಸ್ಟ್ರಿಂಗ್ ಅನ್ನೋ ಪ್ರತ್ಯೇಕ ವಸ್ತುವೇ ಇಲ್ಲ. ಇರೋದು ಸಾಲಾಗಿ ಕೂತ ಬೈಟ್‌ಗಳು, ಕೊನೆಯಲ್ಲೊಂದು ಸೊನ್ನೆ. ಎಷ್ಟು ಉದ್ದ ಇದೆ ಅಂತ ತಿಳಿಯಬೇಕಾದರೆ ಮೊದಲಿಂದ ಒಂದೊಂದೇ ಎಣಿಸ್ತಾ ಸೊನ್ನೆ ಸಿಗೋವರೆಗೂ ನಡೀಬೇಕು. ಅದಕ್ಕೆ ಎಷ್ಟು ಜಾಗ ಕಾದಿರಿಸಿದೆ ಅನ್ನೋದಂತೂ ಆ ಸಾಲಿನಲ್ಲಿ ಎಲ್ಲೂ ಬರೆದಿರೋದಿಲ್ಲ.

ಇದು ಮರೆವಿನಿಂದ ಆದದ್ದಲ್ಲ. ಸಿ ಭಾಷೆಗೆ ಅಜ್ಜಿಯಾಗಬೇಕಾದ ಬಿಸಿಪಿಎಲ್‌ನಲ್ಲಿ ಸ್ಟ್ರಿಂಗ್‌ನ ಉದ್ದವನ್ನು ಅದರ ಶುರುವಿನಲ್ಲೇ ಬರೆದಿಡುತ್ತಿದ್ದರು. ಆದರೆ 8 ಬಿಟ್‌ನ ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸೋದಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ರೂಪಿಸಿದ ಬಿ ಭಾಷೆ ಆ ಸಂಖ್ಯೆಯನ್ನು ಕೈಬಿಟ್ಟು ಕೊನೆಗೊಂದು ಗುರುತು ಇಟ್ಟಿತು. 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ಅದನ್ನೇ ಸಿ ಆಗಿ ಬೆಳೆಸಿದಾಗಲೂ ಆ ಪದ್ಧತಿ ಉಳಿದುಕೊಂಡಿತು. 1993ರಲ್ಲಿ ಸಿ ಇತಿಹಾಸ ಬರೆದ ರಿಚಿ ಇದಕ್ಕೆ ಎರಡು ಕಾರಣ ಕೊಡುತ್ತಾರೆ: ಉದ್ದದ ಮಿತಿ ಬೇಡವಾಗಿತ್ತು, ಲೆಕ್ಕ ಇಟ್ಟುಕೊಳ್ಳೋದಕ್ಕಿಂತ ಗುರುತು ಇಡೋದು ಅನುಕೂಲ ಅನ್ನಿಸಿತ್ತು. ಯಂತ್ರದ ಮೆಮೊರಿಯನ್ನು ಕಿಲೋಬೈಟ್‌ಗಳಲ್ಲಿ ಅಳೆಯುತ್ತಿದ್ದ ಕಾಲ ಅದು. ನಾನಂತೂ ಅವರನ್ನು ದೂರೋದಿಲ್ಲ.

ಬಿಲ್ ಬಂದದ್ದು 1988ರ ನವೆಂಬರ್ 2ರಂದು. ಕಾರ್ನೆಲ್ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ವರ್ಮ್ ಆಗಿನ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಹೊಕ್ಕಿತು. ಅದು ಹಿಡಿದ ದಾರಿಗಳಲ್ಲಿ ಒಂದು ಫಿಂಗರ್ ಎಂಬ ಸೇವೆ. ಆ ಸೇವೆ ಹೊರಗಿನಿಂದ ಬಂದ ಸಾಲನ್ನು ಗೆಟ್ಸ್ ಎಂಬ ಫಂಕ್ಷನ್ ಮೂಲಕ ಓದುತ್ತಿತ್ತು. ಬಫರ್ ಎಷ್ಟು ದೊಡ್ಡದು ಅಂತ ಗೆಟ್ಸ್‌ಗೆ ಹೇಳುವ ಉಪಾಯವೇ ಇರಲಿಲ್ಲ. ಇದ್ದ ಜಾಗ 512 ಬೈಟ್, ವರ್ಮ್ ಕಳಿಸಿದ್ದು 536. ಹೆಚ್ಚಿನ 24 ಬೈಟ್ ಪಕ್ಕದ ಮೆಮೊರಿಯ ಮೇಲೆ ಚೆಲ್ಲಿ, ಪ್ರೋಗ್ರಾಮನ್ನೇ ಬೇರೆ ದಿಕ್ಕಿಗೆ ತಿರುಗಿಸಿತು. ಇಷ್ಟಾದರೂ ಸಿ ಮಾನಕದಿಂದ ಗೆಟ್ಸ್‌ಗೆ ಕೊಕ್ ಸಿಕ್ಕಿದ್ದು 2011ರಲ್ಲಿ!

ಹಿಡಿಸದ ಪಠ್ಯವನ್ನು ಏನು ಮಾಡಬೇಕು? ಒಂದು ಉತ್ತರ, ಕತ್ತರಿಸೋದು. 1998ರಲ್ಲಿ ಓಪನ್‌ಬಿಎಸ್‌ಡಿ ತಂಡ ಸ್ಟ್ರಲ್‌ಕಾಪಿ ಎಂಬ ಫಂಕ್ಷನ್ ತಂದಿತು. ಇರೋ ಜಾಗಕ್ಕೆ ಎಷ್ಟೋ ಅಷ್ಟನ್ನೇ ಅದು ನಕಲು ಮಾಡುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಗ್ಲಿಬ್‌ಸಿ ಇದನ್ನು ಒಳಗೆ ಬಿಟ್ಟುಕೊಂಡದ್ದು 2023ರಲ್ಲಿ. ಮೆಮೊರಿ ಹಾಳಾಗೋದಿಲ್ಲ, ಸರಿ. ಆದರೆ ಕನ್ನಡದವರಿಗೆ ಈ ಕತ್ತರಿ ಬೇಗ ತಾಗುತ್ತೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮೂರಿನ ಹೆಸರು 9 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಆದ್ದರಿಂದ ‘ಬೆಂಗಳೂರು’ 24 ಬೈಟ್. 16 ಬೈಟ್ ಬಫರ್‌ನಲ್ಲಿ, ಸೊನ್ನೆಗೆ ಒಂದು ಕಳೆದರೆ, ಉಳಿಯೋದು ‘ಬೆಂಗಳ’. 20 ಬೈಟ್ ಕೊಟ್ಟರೆ ದೀರ್ಘ ಬಂತು ಅಂದುಕೊಳ್ಳುವಷ್ಟರಲ್ಲಿ ‘ರ’ಕಾರದ ಮೂರನೇ ಒಂದು ಭಾಗ ಬಾಲಕ್ಕೆ ಅಂಟಿಕೊಂಡು, ಪರದೆ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ.

ಇನ್ನೊಂದು ಉತ್ತರ, ಬಫರ್ ಬೆಳೆಸೋದು. ನನ್ನ ಓಟು ಇದಕ್ಕೇ. ಬಿಸಿಪಿಎಲ್ ಬರೆದಿಡುತ್ತಿದ್ದ ಸಂಖ್ಯೆ ಇಲ್ಲಿ ವಾಪಸ್ ಬರುತ್ತದೆ, ಜೊತೆಗೊಬ್ಬರನ್ನು ಕರಕೊಂಡು: ಪಠ್ಯದ ವಿಳಾಸ, ಈಗಿನ ಉದ್ದ, ಕಾದಿರಿಸಿದ ಒಟ್ಟು ಜಾಗ. ಜಾಗ ಸಾಲದಿದ್ದರೆ ದೊಡ್ಡ ಮೆಮೊರಿ ಕೇಳಿ, ಹಳೆಯದನ್ನೆಲ್ಲ ಅಲ್ಲಿಗೆ ಸಾಗಿಸಬೇಕು. ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಪ್ರತಿ ಸಲ ಒಂದೇ ಬೈಟ್ ದೊಡ್ಡ ಮನೆ ಹುಡುಕಿದರೆ, 1000 ಬೈಟ್ ತಲುಪೋ ಹೊತ್ತಿಗೆ 4,99,500 ಬೈಟ್‌ಗಳ ಸಾಮಾನು ಹೊತ್ತಿರುತ್ತೀರಿ. ಪ್ರತಿ ಸಲ ಎರಡರಷ್ಟು ದೊಡ್ಡದು ಹಿಡಿದರೆ ಹೊರೋದು 1,023 ಮಾತ್ರ. ಕೆಲವು ಕೋಣೆ ಖಾಲಿ ಬಿದ್ದಿರುತ್ತೆ, ಇರಲಿ. ಆದರೆ ಹಳೇ ವಿಳಾಸ ಇಟ್ಟುಕೊಂಡ ಪಾಯಿಂಟರ್ ಯಾವುದಾದರೂ ಉಳಿದಿದ್ದರೆ, ಅದು ಈಗ ಬೇರೆಯವರ ಮನೆಯ ಬೆಲ್ ಒತ್ತುತ್ತಿರುತ್ತೆ.

ಈ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟವರಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಒಬ್ಬರು. ಅವರ ಕ್ಯೂಮೇಲ್ ಎಂಬ ಮೇಲ್ ಸರ್ವರ್ ಪೂರ್ತಿ ಸ್ಟ್ರಾಲಾಕ್ ಎಂಬ ಬೆಳೆಯುವ ಬಫರ್ ಮೇಲೆ ನಿಂತಿತ್ತು. ಅದರಲ್ಲಿ ಭದ್ರತಾ ದೋಷ ತೋರಿಸಿದವರಿಗೆ 500 ಡಾಲರ್ ಕೊಡ್ತೀನಿ ಅಂತ 1997ರಲ್ಲೇ ಘೋಷಿಸಿದ್ದರು. 2005ರಲ್ಲಿ ಜಾರ್ಜಿ ಗುನಿನ್‌ಸ್ಕಿ ಒಂದು ತೋರಿಸಿದರು: ಸ್ಟ್ರಾಲಾಕ್‌ನ ಉದ್ದ ಮತ್ತು ಜಾಗದ ಸಂಖ್ಯೆಗಳು 32 ಬಿಟ್‌ನವು. 64 ಬಿಟ್ ಯಂತ್ರದಲ್ಲಿ ಪಠ್ಯ 4 ಜಿಬಿ ಹತ್ತಿರ ಹೋದರೆ ಕೂಡುವ ಲೆಕ್ಕ ಮಗುಚಿ ಚಿಕ್ಕ ಸಂಖ್ಯೆಯಾಗುತ್ತೆ; ಜಾಗ ಬೇಕಾದಷ್ಟಿದೆ ಅಂತ ಬಫರ್ ನಂಬಿಬಿಡುತ್ತೆ. ಕ್ಯೂಮೇಲ್‌ಗೆ ಅಷ್ಟು ಮೆಮೊರಿ ಯಾರೂ ಕೊಡೋದಿಲ್ಲ ಅಂತ ಬರ್ನ್‌ಸ್ಟೈನ್ ವಾದ ತಳ್ಳಿಹಾಕಿದರು. 2020ರಲ್ಲಿ ಕ್ವಾಲಿಸ್ ಕಂಪನಿಯ ಸಂಶೋಧಕರು ಅದೇ ದೋಷದ ಮೂಲಕ, ದೂರದಿಂದಲೇ, ಕ್ಯೂಮೇಲ್ ಯಂತ್ರದೊಳಗೆ ನುಗ್ಗಿ ತೋರಿಸಿದರು.

ನಾವು ದಿನಾ ಬಳಸೋ ಗಿಟ್ ಕೂಡ ಸಿ ಭಾಷೆಯದ್ದೇ. ಅದರ ಬೆಳೆಯುವ ಬಫರ್‌ನ ಹೆಸರು ಸ್ಟ್ರ್‌ಬಫ್. ಅದು ಒಂದೂವರೆ ಪಟ್ಟಿನಂತೆ ಬೆಳೆಯುತ್ತೆ. ಆ ಕೋಡ್ ತೆರೆದು ನೋಡಿ. ಬೆಳೆಸೋ ಫಂಕ್ಷನ್ ಶುರುವಿನಲ್ಲೇ ಕೂಡುವ ಲೆಕ್ಕ ಮಗುಚುತ್ತಾ ಅಂತ ಎರಡು ಸಲ ಪರೀಕ್ಷೆ ಮಾಡುತ್ತೆ. ಮಗುಚಿದರೆ, ನೀವು ಕೇಳ್ತಿರೋ ಮೆಮೊರಿ ತೀರಾ ಅತಿಯಾಯ್ತು ಅನ್ನೋ ಅರ್ಥದ ಒಂದು ಸಾಲು ಹೇಳಿ, ಅಲ್ಲೇ ಪ್ರಾಣ ಬಿಡುತ್ತೆ.