ಹಳೆಯ ಕಂಪ್ಯೂಟರಿಗೆ ಯಾವ ಬ್ರೌಸರ್? – ಇತಿಹಾಸ ಹೇಳುವ ಪಾಠ



ಇದು ಗಣಕಯಂತ್ರದ ಯುಗ ಎಂಬ ಮಾತೇ ಈಗ ಹಳೆಯದಾಯಿತು. ಆದರೆ ನಮ್ಮಲ್ಲಿ ಅನೇಕರ ಮನೆಯಲ್ಲಿರುವ ಗಣಕಯಂತ್ರ ಅದಕ್ಕಿಂತ ಹಳೆಯದು. ಶಿವಮೊಗ್ಗದ ಗೋಪಾಳದಲ್ಲಾಗಲಿ, ಭದ್ರಾವತಿಯ ನ್ಯೂಟೌನ್, ಕಾಗದನಗರಗಳಲ್ಲಾಗಲಿ, ಅಣ್ಣ ಡಿಪ್ಲೊಮಾ ಓದುವಾಗ ಕೊಂಡದ್ದು ತಂಗಿಯ ಪಾಲಿಗೆ ಬರುತ್ತದೆ. ಯಾವುದೋ ಕಚೇರಿ ಮಾರಿದ್ದು ಸೆಕೆಂಡ್ ಹ್ಯಾಂಡ್ ಅಂಗಡಿಯ ಮೂಲಕ ಮನೆ ಸೇರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಎಸ್.ಎಸ್.ಎಲ್.ಸಿ. ಫಲಿತಾಂಶ ನೋಡಲು, ಪಾಠಕ್ಕೆ ಬೇಕಾದ ಮಾಹಿತಿ ಹುಡುಕಲು ಆ ಮನೆಗೆ ಅದೇ ಆಧಾರ. ಒಂದು ದಿನ ಪುಟಗಳು ತೆರೆಯುವುದೇ ನಿಂತುಹೋದಾಗ ಎರಡು ಸಲಹೆಗಳು ಸಿಗುತ್ತವೆ: 'ಇದನ್ನು ಗುಜರಿಗೆ ಹಾಕಿ, ಹೊಸದು ತನ್ನಿ' ಎಂಬುದು ಒಂದು, 'ಯಾವುದಾದರೂ ಬೇರೆ ಬ್ರೌಸರ್ ಹಾಕಿ, ಸರಿಹೋಗುತ್ತದೆ' ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳು. ಬ್ರೌಸರ್‌ಗಳು ಹೇಗೆ ಹುಟ್ಟಿದವು, ಹಳೆಯ ಯಂತ್ರಗಳನ್ನು ಯಾವಾಗ ಕೈಬಿಟ್ಟವು ಎಂಬ ಇತಿಹಾಸ ತಿಳಿದರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಆ ಇತಿಹಾಸವನ್ನು ಸಂಕ್ಷಿಪ್ತವಾಗಿ ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಬ್ರೌಸರ್‌ನ ಹುಟ್ಟು ಮತ್ತು ಮೊದಲ ಕದನ

ಅಂತರ್ಜಾಲದ ಪುಟಗಳನ್ನು ತಂದು ತೋರಿಸುವ ತಂತ್ರಾಂಶವೇ ಬ್ರೌಸರ್. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಮೊದಲ ಬ್ರೌಸರನ್ನು ಬರೆದರು. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದವು. ಭಾರತದಲ್ಲಿ ವಿ.ಎಸ್.ಎನ್.ಎಲ್. ಸಂಸ್ಥೆ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿದ್ದು ಅದೇ 1995ರ ಆಗಸ್ಟ್ 15ರಂದು.

ಎಕ್ಸ್‌ಪ್ಲೋರರ್ ವಿಂಡೋಸ್ ಜೊತೆಗೇ ಉಚಿತವಾಗಿ ಬರುತ್ತಿದ್ದುದರಿಂದ ನೆಟ್‌ಸ್ಕೇಪ್ ಸೋತಿತು. ಸೋಲುವ ಮುನ್ನ, 1998ರಲ್ಲಿ, ಅದು ತನ್ನ ತಂತ್ರಾಂಶದ ಮೂಲ ಬರಹವನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದರಿಂದ ಹುಟ್ಟಿದ್ದೇ ಮೊಜಿಲ್ಲಾ. 2004ರ ನವೆಂಬರ್‌ನಲ್ಲಿ ಅದರ ಫೈರ್‌ಫಾಕ್ಸ್ ಮೊದಲ ಆವೃತ್ತಿ ಬಂತು. ಈ ನಡುವೆ ಎಕ್ಸ್‌ಪ್ಲೋರರ್ ಬಳಸುವವರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಾಗಿದ್ದರು. ಪೈಪೋಟಿಯೇ ಇಲ್ಲದ ಮೇಲೆ ಸುಧಾರಣೆ ಎಲ್ಲಿಂದ ಬರಬೇಕು? 2001ರಲ್ಲಿ 6ನೇ ಆವೃತ್ತಿ ತಂದ ಮೈಕ್ರೋಸಾಫ್ಟ್ 7ನೆಯದನ್ನು ತಂದದ್ದು 2006ರಲ್ಲಿ. 'ಈ ತಾಣವನ್ನು ಎಕ್ಸ್‌ಪ್ಲೋರರ್‌ನಲ್ಲೇ ನೋಡಿ' ಎಂಬ ಸೂಚನೆ ಅಂದಿನ ಅನೇಕ ಜಾಲತಾಣಗಳ ಅಡಿಯಲ್ಲಿ ಇರುತ್ತಿತ್ತು. ಆ ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ ತಾನೇ 2022ರ ಜೂನ್ 15ರಂದು ಕೊನೆಗೊಳಿಸಿತು.

ಕನ್ನಡ ಮತ್ತು ಉರ್ದು ಪರದೆಗೆ ಬಂದ ಬಗೆ

ಇಂಗ್ಲಿಷ್ ಓದುವವನಿಗೆ ಬ್ರೌಸರ್ ಆಯ್ಕೆ ಎಂದರೆ ವೇಗದ ಮಾತು. ನಮಗೆ ಹಾಗಲ್ಲ, ಅಕ್ಷರ ಸರಿಯಾಗಿ ಕಾಣುವುದೇ ಮೊದಲ ಮಾತು. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯಾದ 'ವಿಶ್ವಕನ್ನಡ'ವನ್ನು ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದರು. ಆ ದಿನಗಳಲ್ಲಿ ಕನ್ನಡದ ಒಂದೊಂದು ತಾಣಕ್ಕೂ ಒಂದೊಂದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಪುಟದ ಜೊತೆಗೇ ಫಾಂಟ್ ಇಳಿಸುವ ಉಪಾಯವೂ ಬಂತು. ಆದರೆ ಎಕ್ಸ್‌ಪ್ಲೋರರಿಗೆ ಒಂದು ಬಗೆಯ ಫಾಂಟ್ ಕಡತ, ನೆಟ್‌ಸ್ಕೇಪಿಗೆ ಇನ್ನೊಂದು ಬಗೆ! ಉರ್ದುವಿನ ಕಷ್ಟ ಇನ್ನೂ ದೊಡ್ಡದು. ನಸ್ತಾಲೀಖ್ ಬರಹದಲ್ಲಿ ಪದಗಳು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತವೆ. ಅದನ್ನು ತೋರಿಸಲಾಗದೆ ಉರ್ದು ಪತ್ರಿಕೆಗಳು ಇಡೀ ಪುಟವನ್ನೇ ಚಿತ್ರವಾಗಿ ಹಾಕುತ್ತಿದ್ದವು. ಚಿತ್ರದೊಳಗಿನ ಪದವನ್ನು ಹುಡುಕಲೂ ಬರುತ್ತಿರಲಿಲ್ಲ, ನಕಲು ಮಾಡಲೂ ಬರುತ್ತಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್, ಅಂದರೆ ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದು ನಿಶ್ಚಿತ ಸಂಖ್ಯೆ. ಮನೆಯ ಕಂಪ್ಯೂಟರಿಗೆ ಯೂನಿಕೋಡ್ ಕನ್ನಡವನ್ನು ತಂದದ್ದು 2001ರ ವಿಂಡೋಸ್ ಎಕ್ಸ್‌ಪಿ. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ'. ನಮ್ಮ ಊರಿನ ಹೊಳೆಯ ಹೆಸರೇ! ಆದರೆ ಎಕ್ಸ್‌ಪಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಬೇಕಾದರೆ ಭಾಷಾ ಆಯ್ಕೆಗಳೊಳಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ, ಎಕ್ಸ್‌ಪಿ ಸಿ.ಡಿ.ಯಿಂದ ಕೆಲವು ಕಡತಗಳನ್ನು ಸೇರಿಸಬೇಕಾಗಿತ್ತು. ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗೂ ಇದ್ದದ್ದು ಅದೊಂದೇ ಚೌಕ. ಅಂದರೆ ಕನ್ನಡಕ್ಕೂ ಉರ್ದುವಿಗೂ ಬಾಗಿಲು ತೆರೆದದ್ದು ಒಂದೇ ಗುರುತು. ಎರಡೂ ಭಾಷೆ ಕಲಿಸುವ ನನ್ನಂಥವರಿಗೆ ಇದು ಸಂತೋಷದ ಸಂಗತಿ.

ಇನ್ನೊಂದು ಸ್ವಾರಸ್ಯವನ್ನೂ ಹೇಳಬೇಕು. ಇಂದು ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಅಕ್ಷರಗಳನ್ನು ಜೋಡಿಸುವ ಕೆಲಸ ಮಾಡುವುದು 'ಹರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶ. ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್ ಅವರು ಅದನ್ನು ಬೆಳೆಸಿದರು. ಉರ್ದು ತರಗತಿಯ ಮಕ್ಕಳಿಗೆ 'ಹರ್ಫ್' ಎಂದರೆ ಅಕ್ಷರ ಎಂದು ಗೊತ್ತು. 'ಬಾಜ್' ಎಂದರೆ ಪಾರ್ಸಿಯಲ್ಲಿ ತೆರೆದದ್ದು. ಕನ್ನಡದ 'ಸ್ವಾತಂತ್ರ್ಯ' ಎಂಬ ಪದದ ಒತ್ತುಗಳನ್ನು ಬ್ರೌಸರ್‌ನಲ್ಲಿ ಕೂಡಿಸುತ್ತಿರುವುದು ಪಾರ್ಸಿ ಹೆಸರಿನ ತಂತ್ರಾಂಶ.

ಕೈಬಿಡುವಿಕೆಯ ಇತಿಹಾಸ

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರತಿ ಬ್ರೌಸರೂ ಹಳೆಯ ವಿಂಡೋಸನ್ನು ಒಂದು ದಿನ ಕೈಬಿಡುತ್ತದೆ. ಕೆಳಗಿನ ವರ್ಷಗಳನ್ನು ಗಮನಿಸಿ.

ವಿಂಡೋಸ್ 98: ಫೈರ್‌ಫಾಕ್ಸ್ 2 ಕೊನೆಯದು. 2008ರಲ್ಲಿ ಬಂದ 3ನೇ ಆವೃತ್ತಿ ಇದರಲ್ಲಿ ನಡೆಯಲಿಲ್ಲ.

ವಿಂಡೋಸ್ ಎಕ್ಸ್‌ಪಿ: ಎಕ್ಸ್‌ಪ್ಲೋರರ್ 8 ಕೊನೆಯದು. 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಎಕ್ಸ್‌ಪಿಗೇ ವಿದಾಯ ಹೇಳಿತು. ಗೂಗಲ್ ಕಂಪನಿಯ ಕ್ರೋಮ್ (ಇದು ಬಂದದ್ದು 2008ರಲ್ಲಿ) 2016ರಲ್ಲಿ 49ನೇ ಆವೃತ್ತಿಗೆ ನಿಲ್ಲಿಸಿತು. ಫೈರ್‌ಫಾಕ್ಸ್ 52ನೇ ಆವೃತ್ತಿಯ ದೀರ್ಘಾವಧಿ ರೂಪ 2018ರವರೆಗೆ ಜೊತೆ ನಿಂತಿತು.

ವಿಂಡೋಸ್ 7 ಮತ್ತು 8.1: ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಎರಡಕ್ಕೂ ಕ್ರೋಮ್ 109 ಕೊನೆಯದು. ಅದು ಬಂದದ್ದು 2023ರ ಜನವರಿಯಲ್ಲಿ. ಫೈರ್‌ಫಾಕ್ಸ್‌ನಲ್ಲಿ 2023ರ ಜುಲೈನ 115ನೇ ಆವೃತ್ತಿ ಕೊನೆಯದು. ಆದರೆ ಅದರ ದೀರ್ಘಾವಧಿ ರೂಪಕ್ಕೆ ಮೊದಲು ಹೇಳಿದ್ದ 2024ರ ಗಡುವನ್ನು ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಸಲ ಮುಂದೂಡಿತು.

ಇಲ್ಲಿ ಎರಡು ಅಂಶಗಳು ಎದ್ದು ಕಾಣುತ್ತವೆ. ಒಂದು, ಹಳೆಯ ಯಂತ್ರದವರ ಜೊತೆ ಕ್ರೋಮ್‌ಗಿಂತ ಹೆಚ್ಚು ಕಾಲ ನಿಂತದ್ದು ಫೈರ್‌ಫಾಕ್ಸ್. ಎರಡು, ಹೆಸರುಗಳು ಹಲವು ಇದ್ದರೂ ಒಳಗಿನ ಯಂತ್ರಗಳು ಬಹಳ ಇಲ್ಲ. ಒಪೆರಾ 2013ರಲ್ಲಿ, ಮೈಕ್ರೋಸಾಫ್ಟ್‌ನ ಎಡ್ಜ್ 2020ರಲ್ಲಿ ಕ್ರೋಮ್‌ನ ತಳಹದಿಯಾದ ಕ್ರೋಮಿಯಂಗೆ ಬಂದವು. ಬ್ರೇವ್ ಕೂಡ ಅದರದೇ ಮೇಲೆ ನಿಂತಿದೆ. ಬೋರ್ಡ್ ಬೇರೆ ಬೇರೆ, ಅಡುಗೆಮನೆ ಒಂದೇ. ಕ್ರೋಮ್ ನಿಂತ ಯಂತ್ರದಲ್ಲಿ ಇವೂ ನಿಲ್ಲುತ್ತವೆ.

ಪುಟ ಏಕೆ ತೆರೆಯುವುದಿಲ್ಲ?

'ನಿನ್ನೆಯವರೆಗೆ ನಡೆಯುತ್ತಿತ್ತು, ಇಂದು ಏಕಿಲ್ಲ?' ಎಂದು ಪೋಷಕರು ಕೇಳುವುದುಂಟು. ಬ್ರೌಸರ್ ಮತ್ತು ಜಾಲತಾಣ ಮಾತನಾಡುವುದು ಗುಪ್ತಲಿಪಿಯಲ್ಲಿ. ಆ ಗುಪ್ತಲಿಪಿಯ ಹಳೆಯ ನಿಯಮಗಳು ದುರ್ಬಲವೆಂದು ತಿಳಿದ ಮೇಲೆ 2020ರಲ್ಲಿ ಮುಖ್ಯ ಬ್ರೌಸರ್‌ಗಳೆಲ್ಲ ಅವನ್ನು ಕೈಬಿಟ್ಟವು. ಹೊಸ ನಿಯಮ ಬಲ್ಲ ತಾಣದ ಜೊತೆ ಹಳೆಯ ನಿಯಮವಷ್ಟೇ ಬಲ್ಲ ಎಕ್ಸ್‌ಪಿಯ ಎಕ್ಸ್‌ಪ್ಲೋರರ್ ಮಾತನಾಡಲಾರದು. ಜೊತೆಗೆ ಪ್ರತಿ ತಾಣಕ್ಕೂ ಗುರುತಿನ ಚೀಟಿಯಂತೆ ಒಂದು ಪ್ರಮಾಣಪತ್ರ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಮುಖ್ಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ ಜಗತ್ತಿನ ಎಷ್ಟೋ ಹಳೆಯ ಸಾಧನಗಳಲ್ಲಿ ತಾಣಗಳು ತೆರೆಯದಾದವು. ಫೈರ್‌ಫಾಕ್ಸ್ ಮೊದಲಿನಿಂದಲೂ ಪ್ರಮಾಣಪತ್ರಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡಿದೆ, ವಿಂಡೋಸನ್ನು ಕೇಳುವುದಿಲ್ಲ. ಹಳೆಯ ಯಂತ್ರದಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರಲು ಇದೂ ಒಂದು ಕಾರಣ.

ಮತ್ತೊಂದು ಸಣ್ಣ ಕಾರಣವಿದೆ, ಆದರೆ ಅದನ್ನು ಮೊದಲು ನೋಡಬೇಕು. ಮದರ್‌ಬೋರ್ಡಿನ ಮೇಲಿರುವ ನಾಣ್ಯದ ಆಕಾರದ ಬ್ಯಾಟರಿ ಮುಗಿದಿದ್ದರೆ ಕಂಪ್ಯೂಟರಿನ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಆಗ ಪ್ರತಿ ತಾಣದ ಪ್ರಮಾಣಪತ್ರವೂ 'ಇನ್ನೂ ಜಾರಿಗೆ ಬಂದಿಲ್ಲ' ಎಂದೇ ಬ್ರೌಸರ್ ತಿಳಿಯುತ್ತದೆ. ಅಲ್ಪ ಬೆಲೆಯ ಆ ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು. ಗುಜರಿಗೆ ಹೋಗಬೇಕಾಗಿದ್ದ ಯಂತ್ರ ಉಳಿಯಬಹುದು.

ಹಾಗಾದರೆ ಏನು ಮಾಡಬೇಕು?

ಇತಿಹಾಸದಿಂದ ತಿಳಿಯುವುದು ಇಷ್ಟು: ಯಾವ ಬ್ರೌಸರ್ ವೇಗವಾಗಿದೆ ಎಂದು ಕೇಳುವ ಮೊದಲು, ನನ್ನ ಯಂತ್ರಕ್ಕೆ ಯಾವ ಬ್ರೌಸರ್‌ನ ದುರಸ್ತಿ ಇನ್ನೂ ಬರುತ್ತಿದೆ ಎಂದು ಕೇಳಬೇಕು. ದುರಸ್ತಿ ನಿಂತ ಬ್ರೌಸರ್ ಚಿಲಕ ಮುರಿದ ಬಾಗಿಲಿನಂತೆ. ಅದರಲ್ಲಿ ಪುಟಗಳು ತೆರೆಯಬಹುದು, ಚೆನ್ನಾಗಿಯೂ ಕಾಣಬಹುದು. ಆದರೆ ಮಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನದ ಪಾಸ್‌ವರ್ಡ್ ಎಲ್ಲವೂ ಹೋಗುವುದು ಅದೇ ಬಾಗಿಲಿನಿಂದ ಎಂಬುದನ್ನು ಮರೆಯಬಾರದು.

1. ಎಕ್ಸ್‌ಪಿ ಇರುವ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಬೇಡಿ. 'ನುಡಿ', 'ಬರಹ'ಗಳಲ್ಲಿ ಟೈಪಿಂಗ್ ಕಲಿಯಲು ಅದು ಇಂದಿಗೂ ಸಾಕು.

2. ವಿಂಡೋಸ್ 7 ಅಥವಾ 8.1 ಇದ್ದರೆ ಹಳೆಯ ಕ್ರೋಮ್ ಬೇಡ, ಫೈರ್‌ಫಾಕ್ಸ್ 115ರ ದೀರ್ಘಾವಧಿ ರೂಪ ನೋಡಿ. ಹಾಕುವ ಮೊದಲು ಮೊಜಿಲ್ಲಾ ತಾಣದಲ್ಲಿ ಅದರ ಗಡುವನ್ನು ಓದಿಕೊಳ್ಳಿ. ಗಡುವು ದಾಟಿದ್ದರೆ ಮುಂದೆ 4ರಲ್ಲಿ ಹೇಳಿರುವ ದಾರಿ ಹಿಡಿಯಿರಿ. 115.13ಕ್ಕಿಂತ ಹಿಂದಿನದು ಉಳಿದಿದ್ದರೆ ಕೂಡಲೇ ಬದಲಿಸಿ; ಅವುಗಳೊಳಗಿನ ಒಂದು ಪ್ರಮಾಣಪತ್ರ 2025ರ ಮಾರ್ಚ್ 14ಕ್ಕೆ ಮುಗಿದಿದೆ.

3. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಅದರ ಕೊನೆಯ ಆವೃತ್ತಿಯಲ್ಲಿ ಎಡ್ಜ್ ಬ್ರೌಸರ್‌ಗೆ 2028ರ ಅಕ್ಟೋಬರ್‌ವರೆಗಾದರೂ ದುರಸ್ತಿ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆದ್ದರಿಂದ ಅಂಥ ಯಂತ್ರವನ್ನು ಅವಸರದಿಂದ ಮಾರಬೇಡಿ.

4. ಯಂತ್ರ ಗಟ್ಟಿಯಾಗಿದ್ದು ವಿಂಡೋಸ್ ಮಾತ್ರ ಹಳೆಯದಾಗಿದ್ದರೆ ಉಚಿತವಾದ ಲಿನಕ್ಸ್ ಹಾಕಿಸಿ. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ‍್ಯಾಮ್ ಕನಿಷ್ಠ ಬೇಕು, 4 ಜಿಬಿ ಇದ್ದರೆ ಸುಖ. ಅದರಲ್ಲಿ ಇಂದಿನ ಫೈರ್‌ಫಾಕ್ಸೇ ನಡೆಯುತ್ತದೆ. 'ಗುಬ್ಬಿ', 'ನವಿಲು' ಎಂಬ ಕನ್ನಡ ಫಾಂಟುಗಳು, ಉರ್ದುವಿಗೆ ನೋಟೊ ನಸ್ತಾಲೀಖ್, ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವು ಕಲಿತ ಕೀಲಿಮಣೆ ವಿನ್ಯಾಸ ಎಲ್ಲವೂ ಲಿನಕ್ಸ್‌ಗೆ ಉಚಿತವಾಗಿ ಸಿಗುತ್ತವೆ. ಆದರೆ ಯಂತ್ರದ ಪ್ರೊಸೆಸರ್ 64 ಬಿಟ್ ಆಗಿದೆಯೇ ಎಂದು ಮೊದಲು ಕೇಳಿ ತಿಳಿಯಿರಿ. 32 ಬಿಟ್ ಲಿನಕ್ಸನ್ನು ಕ್ರೋಮ್ 2016ರಲ್ಲೂ ಫೈರ್‌ಫಾಕ್ಸ್ 2025ರಲ್ಲೂ ಕೈಬಿಟ್ಟಿವೆ. 32 ಬಿಟ್ ವಿಂಡೋಸ್ ಹಾಕಿರುವ ಎಷ್ಟೋ ಯಂತ್ರಗಳ ಪ್ರೊಸೆಸರ್ ನಿಜವಾಗಿ 64 ಬಿಟ್ ಆಗಿರುತ್ತದೆ. ಹೊಸ ವ್ಯವಸ್ಥೆ ಹಾಕಿಸುವ ಮುನ್ನ ಮನೆಯ ಫೋಟೋ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಉಳಿಸಿಕೊಳ್ಳಿ.

ಬ್ರೌಸರ್ ಹಾಕಿಸಿದ ಮೇಲೆ ಅಂಗಡಿಯಲ್ಲಿಯೇ ಮೂರು ಪರೀಕ್ಷೆ ಮಾಡಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ತೆರೆದು 'ರಾಷ್ಟ್ರ', 'ಸೂರ್ಯ', 'ರ‍್ಯಾಂಕ್' ಪದಗಳ ಒತ್ತುಗಳು ಸರಿಯಾಗಿ ಕೂಡಿವೆಯೇ ನೋಡಿ. ಒಂದು ಉರ್ದು ಪುಟ ತೆರೆದು ಸಾಲು ಬಲದಿಂದ ಆರಂಭವಾಗಿದೆಯೇ ನೋಡಿ. ಕೊನೆಯದಾಗಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ತೆರೆದು ಲಾಗಿನ್ ಪುಟ ಬರುತ್ತದೆಯೇ ನೋಡಿ. ಕೊನೆಯ ದಿನ ಸಂಜೆ ಪುಟ ತೆರೆಯದೆ ಸೈಬರ್ ಅಂಗಡಿಗೆ ಓಡುವುದಕ್ಕಿಂತ, ಅರ್ಜಿ ಕರೆಯುವ ಮೊದಲೇ ಇದನ್ನು ತಿಳಿದಿರುವುದು ಮೇಲು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಈ ವಾರ ನಿಮ್ಮ ಮನೆಯ ಕಂಪ್ಯೂಟರಿನ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಒಂದು ಚೀಟಿ ಬರೆಯಿರಿ: ವಿಂಡೋಸ್ ಯಾವುದು, ಬ್ರೌಸರ್ ಯಾವುದು, ಅದಕ್ಕೆ ದುರಸ್ತಿ ಎಂದಿನವರೆಗೆ ಬರುತ್ತದೆ. ಆ ಚೀಟಿಯನ್ನು ಸಿಪಿಯು ಡಬ್ಬಿಯ ಮೇಲೆ ಅಂಟಿಸಿ. ಮೂರನೆಯ ಸಾಲಿನ ದಿನಾಂಕ ಬಂದಾಗ ಏನು ಮಾಡಬೇಕೆಂದು ಮಕ್ಕಳೇ ನಿಮಗೆ ನೆನಪಿಸುತ್ತಾರೆ.