ಪಾತ್ರ ನಮ್ಮದು, ದನಿ ಯಾರದು?

ರಾಯಪುರಂ ರೈಲು ನಿಲ್ದಾಣದ ಮುಂದಿನ ಸಾಲುಗಂಬಗಳನ್ನು ನಾವೆಲ್ಲ ನೋಡಿದ್ದೇವೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಹೊರಟದ್ದು ಇಲ್ಲಿಂದ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ಬಿತ್ತು. ಸೆಂಟ್ರಲ್ ನಿಲ್ದಾಣ ಆರಂಭವಾದದ್ದು 1873ರಲ್ಲಿ. ನಡುವಿನ ವರ್ಷಗಳಲ್ಲಿ ರೈಲಿನಲ್ಲಿ ಮದರಾಸಿಗೆ ಬಂದ ಕನ್ನಡಿಗನು ಕಾಲಿಟ್ಟದ್ದು ರಾಯಪುರಂನಲ್ಲಿಯೇ. ಇಳಿದೊಡನೆ ಅವನಿಗೆ ಇನ್ನೊಂದು ಭಾಷೆ ಬೇಕಾಯಿತು. ಎಂಬತ್ತು ವರ್ಷಗಳ ತರುವಾಯ, ತಮಿಳು ನೆಲಕ್ಕೆ ಬಂದ ನಮ್ಮ ರಾಜನೊಬ್ಬನಿಗೂ ಅದೇ ಪಾಡಾಯಿತು. ಆತ ಹರಿಶ್ಚಂದ್ರ.

ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರ ಜೋಡಿಯನ್ನು ಹಿರಿಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. 1934ರ ‘ಸತಿ ಸುಲೋಚನಾ’ದ ಇಂದ್ರಜಿತು ಮತ್ತು ರಾವಣ ಇವರೇ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಕೊನೆಯ ಸಾಲಿನವನಿಗೂ ಕೇಳುವಂತೆ ನುಡಿದು ಪಳಗಿದ ಕಂಠಗಳು. ಕಾರೈಕುಡಿಯ ಎ.ವಿ. ಮೆಯ್ಯಪ್ಪ ಚೆಟ್ಟಿಯಾರರೊಡನೆ ಸೇರಿ ಇವರು 1941ರಲ್ಲಿ ‘ವಸಂತಸೇನಾ’, 1943ರಲ್ಲಿ ‘ಸತ್ಯ ಹರಿಶ್ಚಂದ್ರ’ ಚಿತ್ರಗಳನ್ನು ಮಾಡಿದರು. ಎರಡನೆಯದು ಚೆನ್ನಾಗಿ ಓಡಿತು. ಚೆಟ್ಟಿಯಾರರಿಗೆ ಅದನ್ನು ತಮಿಳರಿಗೂ ತೋರಿಸುವ ಆಸೆ. ಆದರೆ ಯುದ್ಧಕಾಲದಲ್ಲಿ ಕಚ್ಚಾ ಫಿಲ್ಮಿಗೆ ಬರ. ಚಿತ್ರ ಹಾಗೆಯೇ ಇರಲಿ, ಮಾತು ಮಾತ್ರ ಬದಲಾಗಲಿ ಎಂದರು. 1944ರಲ್ಲಿ ಹರಿಶ್ಚಂದ್ರ ತಮಿಳಿನಲ್ಲಿ ನುಡಿದ. ಭಾರತದ ಮೊದಲ ಡಬ್ಬಿಂಗ್ ಚಿತ್ರವೆಂದು ಇದನ್ನೇ ಹೇಳುವುದು ವಾಡಿಕೆ.

ಇದು ಸುಲಭದ ಕೆಲಸವೇ? ಫಿಲ್ಮಿನ ತುಂಡೊಂದನ್ನು ಮತ್ತೆ ಮತ್ತೆ ಓಡಿಸಿ, ತೆರೆಯ ಮೇಲಿನ ತುಟಿಗೆ ಸರಿಯಾಗಿ ಮಾತು ಕೂರಿಸಬೇಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು. ಕನ್ನಡ ಮತ್ತು ತಮಿಳು ಒಡಹುಟ್ಟಿದವರಾದರೂ ಇಲ್ಲಿ ಜಗಳ ತೆಗೆಯುತ್ತವೆ. ಹಳಗನ್ನಡದ ‘ಪಾಲ್’ ನಮಗೆ ‘ಹಾಲು’ ಆಯಿತು, ತಮಿಳಿನಲ್ಲಿ ಅದು ‘ಪಾಲ್’ ಆಗಿಯೇ ಉಳಿಯಿತು. ಹುಲಿ-ಪುಲಿ, ಹತ್ತು-ಪತ್ತು, ಹೋಗು-ಪೋ. ನಮ್ಮ ರಾಜ ಬಾಯಿ ತೆರೆದಾಗ ತಮಿಳು ತುಟಿ ಮುಚ್ಚಬೇಕು. ನಾವು ತುಟಿ ಮುಚ್ಚಿ ‘ಬಾ’ ಎಂದರೆ ಅವರದು ‘ವಾ’. ಮಾತು ಬರೆಯುವವನ ತಲೆನೋವು ಊಹಿಸಿಕೊಳ್ಳಿ! (ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ಮಕ್ಕಳು ಈ ಕಸರತ್ತನ್ನು ದಿನವೂ ಹಲ್ಲುಜ್ಜಿದಷ್ಟು ಸಲೀಸಾಗಿ ಮಾಡುತ್ತಾರೆ.)

ಆದರೂ ನಮಗೆ ಒಂದು ಕಸಿವಿಸಿ. ನಾಯ್ಡುಗಳ ಮುಖವಿದ್ದು ನಾಯ್ಡುಗಳ ಕಂಠವಿಲ್ಲದ ಹರಿಶ್ಚಂದ್ರ ನಮ್ಮವನೇ? ಪಾತ್ರಕ್ಕೆ ಎರವಲು ದನಿ ಒಪ್ಪುವುದೇ ಇಲ್ಲ ಎನ್ನುವಂತೆಯೂ ಇಲ್ಲ. ಕಾಕಿನಾಡದಲ್ಲಿ ಹುಟ್ಟಿ ಈ ಊರಿನಲ್ಲಿ ಬಾಳಿದ, ತೆಲುಗು ಮನೆಮಾತಿನ ಪಿ.ಬಿ. ಶ್ರೀನಿವಾಸರು ಎಷ್ಟು ವರ್ಷ ರಾಜಕುಮಾರರ ಹಾಡಾಗಿದ್ದರು! 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರು ತಾವೇ ಹಾಡಿದ ಮೇಲೆ ಕ್ರಮೇಣ ಆ ಜೋಡಿ ಸಡಿಲಾಯಿತು. ಅಣ್ಣಾವ್ರ ಕಂಠದ ಬಗ್ಗೆ ಎರಡು ಮಾತಿಲ್ಲ. ಆದರೂ ಹಳೆಯ ಹಾಡು ಕೇಳಿದಾಗ ಶ್ರೀನಿವಾಸರ ದನಿ ಬೇರೊಬ್ಬರದೆಂದು ನಮಗೆ ಅನ್ನಿಸುವುದಿಲ್ಲ.

ಅತ್ತ ಕರ್ನಾಟಕದಲ್ಲಿ 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರ ಹೋರಾಟದಿಂದ ಕನ್ನಡಕ್ಕೆ ಡಬ್ ಮಾಡುವುದು ನಿಂತಿತು. ಆ ದಿನಗಳಲ್ಲಿ ಅದು ಅಗತ್ಯವಾಗಿತ್ತೆಂದೇ ನಮ್ಮ ಅಭಿಪ್ರಾಯ. ನಮ್ಮ ಕಲಾವಿದರಿಗೆ ಅನ್ನ ಬೇಕಿತ್ತು. ಈ ತಡೆಯ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಮೇಲೆ ಬಾಗಿಲು ಮತ್ತೆ ತೆರೆಯಿತು. ಈಗ ಪರಭಾಷೆಯ ನಾಯಕರೂ ಕನ್ನಡ ಆಡುತ್ತಾರೆ. ಕೆಲವರ ಕನ್ನಡ ಕೇಳಿದರೆ ಹರಿಶ್ಚಂದ್ರನ ಕಷ್ಟವೇ ಮೇಲು!

ರಾಜ್ಯೋತ್ಸವಕ್ಕೆ ನಾಟಕ ಬರೆಯುವ ನಮ್ಮ ಮಕ್ಕಳಿಗೊಂದು ಚಟವಿದೆ: ತಮ್ಮ ಪಾತ್ರಗಳಿಗೆ ಮನಸ್ಸಿನಲ್ಲೇ ದನಿ ಹುಡುಕುವುದು. ಹಿರಿಯರನ್ನು ಕೇಳಿದರೆ, ಖಳನಿಗೆ ವಜ್ರಮುನಿಯ ಗುಡುಗು, ಜಿಪುಣ ಮಾವನಿಗೆ ಬಾಲಕೃಷ್ಣ ಎಂದೇವು. ಕಿವಿ ಮಂದವಾಗಿದ್ದರೂ ಎದುರಿನವರ ತುಟಿ ನೋಡಿ ಮಾತಿನ ಲಯ ತಪ್ಪದೆ ನಟಿಸಿದವರು ಆ ಬಾಲಕೃಷ್ಣ. ಮಕ್ಕಳ ಪಟ್ಟಿಯಲ್ಲಿ ಮಾತ್ರ ತಮಿಳು ನಟರ ಹೆಸರುಗಳೇ ಹೆಚ್ಚು. ಮುಂದಿನ ನವೆಂಬರಿನೊಳಗೆ ಅವರಿಗೆ ಬಾಲಕೃಷ್ಣರ ನಾಲ್ಕು ಹಳೆಯ ಚಿತ್ರಗಳನ್ನಾದರೂ ತೋರಿಸೋಣ.