ಜರ್ಮನಿಯ ರಸಾಯನ ವಿದ್ಯೆ ಮತ್ತು ಸುರಪುರ ಸೀಮೆಯ ಬಣ್ಣದ ಬಾನಿ

ಯಾದಗಿರಿ, ಶಹಾಪುರ ಮತ್ತು ಸುರಪುರ ಪರಿಸರದ ಆಧುನಿಕ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಹೈದರಾಬಾದಿನತ್ತ ನೋಡಬೇಕಾಗುತ್ತದೆ. 1858ರ ಬಂಡಾಯದೊಂದಿಗೆ ಸುರಪುರದ ನಾಯಕ ಸಂಸ್ಥಾನ ಕೊನೆಗೊಂಡು, 1860ರಲ್ಲಿ ಆ ಪ್ರದೇಶ ನಿಜಾಮನ ಆಡಳಿತಕ್ಕೆ ಸೇರಿತು. ಅಂದಿನಿಂದ 1948ರವರೆಗೆ ಈ ಸೀಮೆಯ ವಿದ್ಯಾರ್ಥಿಗೆ ಉನ್ನತ ಶಿಕ್ಷಣದ ದಾರಿ ಬಹುಮಟ್ಟಿಗೆ ಆ ರಾಜಧಾನಿಯ ಮೂಲಕವೇ ಹಾಯುತ್ತಿತ್ತು. ಆ ದಾರಿಯ ಆರಂಭದಲ್ಲಿಯೇ ಜರ್ಮನಿಯ ರಸಾಯನ ವಿದ್ಯೆಯ ಗುರುತು ಕಾಣುತ್ತದೆ. ಜರ್ಮನಿಯಲ್ಲಿ ರಸಾಯನಶಾಸ್ತ್ರದ ಪದವಿಗಾಗಿ ಓದುವುದೆಂದರೆ ಏನಾಗಿತ್ತು, ನಮ್ಮ ಕೈಕಸುಬಿನ ತಿಳಿವಳಿಕೆಯೊಡನೆ ಅದಕ್ಕಿದ್ದ ಸಂಬಂಧ ಎಂತಹದು ಎಂಬುದನ್ನು ಜಾನಪದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಂಗಾಳದ ಅಘೋರನಾಥ ಚಟ್ಟೋಪಾಧ್ಯಾಯರು 1870ರ ದಶಕದಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿ ಪಡೆದು, ಬಳಿಕ ಜರ್ಮನಿಯ ಬಾನ್ ನಗರದಲ್ಲಿ ವ್ಯಾಸಂಗ ಮಾಡಿದರು. ಬೆಂಜೀನಿನ ರಚನೆಯನ್ನು 1865ರಲ್ಲಿ ಸೂಚಿಸಿದ ಆಗಸ್ಟ್ ಕೆಕುಲೆ ಆಗ ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಘೋರನಾಥರು ಹೈದರಾಬಾದಿಗೆ ಬಂದು, ಮುಂದೆ ನಿಜಾಮ್ ಕಾಲೇಜಾಗಿ ಬೆಳೆದ ವಿದ್ಯಾಸಂಸ್ಥೆಗೆ ಅಡಿಪಾಯ ಹಾಕಿದರು. ಅವರ ಮಗಳು ಸರೋಜಿನಿ ನಾಯ್ಡು ತಂದೆಯನ್ನು ಕುರಿತು ಹೇಳಿದ ಮಾತುಗಳು 1905ರ ‘ದಿ ಗೋಲ್ಡನ್ ತ್ರೆಶೋಲ್ಡ್’ ಸಂಕಲನದ ಮುನ್ನುಡಿಯಲ್ಲಿವೆ. ಯುರೋಪಿನಲ್ಲಿ ಓದಿ ಬಂದ ಈ ವಿಜ್ಞಾನಿ ಚಿನ್ನ ಮಾಡುವ ರಸವಿದ್ಯೆಯಲ್ಲಿ ಕೊನೆಯಿಲ್ಲದ ಆಸಕ್ತಿ ತಳೆದಿದ್ದರೆಂದೂ, ಅವರ ತೋಟದಲ್ಲಿ ಪಂಡಿತರು, ಸಾಧುಗಳು, ಭಿಕ್ಷುಕರು ಕೂಡುತ್ತಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ಇದನ್ನು ವ್ಯಕ್ತಿಯೊಬ್ಬರ ವಿಚಿತ್ರ ಸ್ವಭಾವವೆಂದು ಬದಿಗಿಡುವುದು ಸರಿಯಲ್ಲ. ಪ್ರಯೋಗಶಾಲೆಯ ವಿದ್ಯೆಯೂ ಪರಂಪರೆಯ ವಿದ್ಯೆಯೂ ಇಲ್ಲಿ ಒಂದೇ ಮನೆಯಂಗಳದಲ್ಲಿ ಭೇಟಿಯಾಗಿದ್ದವು.

ಜರ್ಮನಿಯ ಈ ವಿದ್ಯೆಯ ಹೆಗ್ಗಳಿಕೆ ಕಲಿಸುವ ಕ್ರಮದಲ್ಲಿತ್ತು. 1824ರಲ್ಲಿ ಗೀಸೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ ಯುಸ್ಟುಸ್ ಲೀಬಿಗ್ ಎಂಬ 21 ವರ್ಷದ ತರುಣ, ಉಪನ್ಯಾಸ ಕೇಳುವುದಕ್ಕಿಂತ ಕೈಯಿಂದ ಮಾಡುವುದಕ್ಕೆ ಮೊದಲ ಸ್ಥಾನ ಕೊಟ್ಟನು. ವಿದ್ಯಾರ್ಥಿ ಮೊದಲು ಗೊತ್ತಿಲ್ಲದ ಮಿಶ್ರಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚಬೇಕು, ಬಳಿಕ ಎಷ್ಟೆಷ್ಟಿದೆ ಎಂದು ತೂಗಬೇಕು, ಅನಂತರ ವಸ್ತುಗಳನ್ನು ತಾನೇ ತಯಾರಿಸಬೇಕು, ಕೊನೆಗೆ ಸ್ವತಂತ್ರ ಶೋಧನೆಗೆ ಇಳಿಯಬೇಕು. ಆ ಕಾಲದಲ್ಲಿ ಜರ್ಮನಿಯಲ್ಲಿ ಇಂದಿನ ಬ್ಯಾಚಲರ್ ಪದವಿ ಇರಲಿಲ್ಲ. ಓದು ಡಾಕ್ಟರೇಟಿನಲ್ಲಿಯೇ ಮುಗಿಯುತ್ತಿತ್ತು. ಆರು ಸೆಮಿಸ್ಟರುಗಳ ಬ್ಯಾಚಲರ್ ಪದವಿ ವ್ಯಾಪಕವಾದದ್ದು 1999ರ ಬೊಲೋನ್ಯಾ ಘೋಷಣೆಯ ಅನಂತರ. ಗುರುವಿನ ಎದುರು ಕೂತು, ಕೈ ಪಳಗಿಸಿಕೊಂಡು, ತಪ್ಪಿ ಕಲಿಯುವ ಈ ಕ್ರಮಕ್ಕೂ ಕಮ್ಮಾರನ ಕುಲುಮೆ, ಅಕ್ಕಸಾಲಿಗನ ಅಗ್ಗಿಷ್ಟಿಕೆಗಳ ಎದುರಿನ ಕಲಿಕೆಗೂ ಇರುವ ಹೋಲಿಕೆ ಗಮನಾರ್ಹವಾದುದು.

ಭಾಷೆಯ ಸಂಗತಿಯೂ ಇಷ್ಟೇ ಮುಖ್ಯ. ಜರ್ಮನ್ ಭಾಷೆಯಲ್ಲಿ ಆಮ್ಲಜನಕವನ್ನು ‘ಜಾವರ್‌ಶ್ಟೋಫ್’, ಅಂದರೆ ಹುಳಿಯ ವಸ್ತು ಎನ್ನುತ್ತಾರೆ. ಜಲಜನಕವನ್ನು ‘ವಾಸರ್‌ಶ್ಟೋಫ್’, ಅಂದರೆ ನೀರಿನ ವಸ್ತು ಎನ್ನುತ್ತಾರೆ. ಅಲ್ಲಿಯ ವಿದ್ಯಾರ್ಥಿಗೆ ಶಾಸ್ತ್ರದ ಮೊದಲ ಮಾತುಗಳು ಅಡುಗೆಮನೆಯ ಮಾತುಗಳೇ ಆಗಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನಾ ಮಾಧ್ಯಮವಾಗಿ ಮಾಡಿಕೊಂಡು, ಭಾಷಾಂತರಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ನಡೆಸಿತು. ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನು ಕಲಿಸಬಹುದೆಂದು ಅದು ತೋರಿಸಿಕೊಟ್ಟಿತು. ಆದರೆ ಸುರಪುರದ ಕನ್ನಡ ಹುಡುಗನಿಗೆ ಆ ದೇಶಭಾಷೆ ಮನೆಯ ಭಾಷೆಯಾಗಿರಲಿಲ್ಲ.

ಇನ್ನು ಬಣ್ಣದ ವಿಚಾರ. ಸುರಪುರ ಸೀಮೆ ನೇಯ್ಗೆಯ ನೆನಪುಳ್ಳ ನೆಲ. ದೇವರ ದಾಸಿಮಯ್ಯನ ಊರೆಂದು ಪರಂಪರೆ ಹೇಳುವ ಮುದನೂರು ಇಲ್ಲಿಯದೇ. ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆ ನೇಕಾರರ ನೆಲೆ. ಉತ್ತರ ಕರ್ನಾಟಕದಲ್ಲಿ ನೂಲಿಗೆ ನೀಲಿ ಕಟ್ಟುವವರನ್ನು ನೀಲಗಾರರೆಂದು ಕರೆಯುತ್ತಿದ್ದರು. ದಕ್ಷಿಣದಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಬೇರೆ. ನೀಲಿಯನ್ನು ಸುಣ್ಣದೊಡನೆ ಬಾನಿಯಲ್ಲಿ ಹುದುಗಿಸಿ, ಹುದುಗು ಏಳಲು ತಗಚೆ ಬೀಜವನ್ನೋ ಬೆಲ್ಲವನ್ನೋ ಬೆರೆಸುವುದು ದಕ್ಷಿಣ ಭಾರತದ ಹಳೆಯ ಪದ್ಧತಿ. ಬಾನಿಯಿಂದ ಎತ್ತಿದಾಗ ಹಳದಿ ಹಸಿರಾಗಿರುವ ನೂಲು ಗಾಳಿ ಸೋಕಿದೊಡನೆ ನೀಲಿಯಾಗುತ್ತದೆ. ಹುದುಗಿನಲ್ಲಿ ನೀಲಿ ಅಪಕರ್ಷಣಗೊಂಡು ಕರಗುತ್ತದೆ, ಗಾಳಿಯ ಆಮ್ಲಜನಕದಿಂದ ಮತ್ತೆ ಉತ್ಕರ್ಷಣಗೊಂಡು ಎಳೆಯಲ್ಲಿ ನೆಲೆಗೊಳ್ಳುತ್ತದೆ ಎಂದು ಶಾಸ್ತ್ರ ಇದನ್ನು ವಿವರಿಸುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ನೀಲಗಾರನಿಗೆ ಆ ಕ್ರಿಯೆಯ ಹದ ಗೊತ್ತಿತ್ತು.

ಈ ಬಾನಿಯೇ ಜರ್ಮನಿಯ ಪ್ರಯೋಗಶಾಲೆಗಳ ಗುರಿಯಾಯಿತು. ಮಂಜಿಷ್ಠದ ಬಳಗಕ್ಕೆ ಸೇರಿದ ಮ್ಯಾಡರ್ ಗಿಡದ ಬೇರಿನ ಕೆಂಪು ಬಣ್ಣವಾದ ಅಲಿಝರಿನನ್ನು ಗ್ರೇಬೆ ಮತ್ತು ಲೀಬರ್‌ಮಾನ್ 1868ರಲ್ಲಿ ಬರ್ಲಿನ್ನಿನಲ್ಲಿ ಕೃತಕವಾಗಿ ತಯಾರಿಸಿದರು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಲೀಬಿಗ್‌ನ ಸ್ಥಾನಕ್ಕೆ ಬಂದಿದ್ದ ಅಡಾಲ್ಫ್ ಬೇಯರ್ 1880ರಲ್ಲಿ ನೀಲಿಯನ್ನು ಸಂಶ್ಲೇಷಿಸಿ, 1883ರಲ್ಲಿ ಅದರ ರಚನೆಯನ್ನು ತಿಳಿಸಿದನು. 1905ರ ನೊಬೆಲ್ ಪಾರಿತೋಷಕ ಅವನಿಗೆ ದೊರೆಯಿತು. 1897ರಲ್ಲಿ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ, ಎರಡು ದಶಕಗಳೊಳಗೆ ಭಾರತದ ನೀಲಿ ಬೆಳೆ ಕುಸಿಯಿತು. ಕೈಯ ಕಲಿಕೆಯನ್ನು ಗೌರವಿಸಿ ಬೆಳೆದ ವಿದ್ಯೆಯೇ ದೂರದ ಕೈಗಳ ಕಸುಬನ್ನು ಕಸಿದುಕೊಂಡಿತೆಂಬುದು ಈ ಚರಿತ್ರೆಯ ವಿಪರ್ಯಾಸ.

ಈ ವಿದ್ಯೆಯ ನಂಟು ಇಂದಿಗೂ ಕಡಿದಿಲ್ಲ. ಶಹಾಪುರ ತಾಲೂಕಿನ ಗೋಗಿಯಲ್ಲಿ ಪತ್ತೆಯಾಗಿರುವ ಯುರೇನಿಯಂ ಧಾತುವನ್ನು 1789ರಲ್ಲಿ ಗುರುತಿಸಿ ಹೆಸರಿಟ್ಟವನು ಬರ್ಲಿನ್ನಿನ ಕ್ಲಾಪ್ರೋತ್. 1810ರಲ್ಲಿ ಆರಂಭವಾದ ಅಲ್ಲಿಯ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕನೂ ಅವನೇ. ತಮ್ಮ ಹೊಲದಡಿಯ ಅದಿರಿನ ಒಳಿತು ಕೆಡುಕುಗಳನ್ನು ತೂಗಿ ನೋಡಲು ಈ ಸೀಮೆಯವರಿಗೇ ರಸಾಯನಶಾಸ್ತ್ರ ತಿಳಿದಿರಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ಆದರೆ ಬ್ಯಾಚಲರ್ ಹಂತದ ರಸಾಯನಶಾಸ್ತ್ರವನ್ನು ಹೆಚ್ಚಿನೆಡೆ ಜರ್ಮನ್ ಭಾಷೆಯಲ್ಲಿಯೇ ಕಲಿಸುತ್ತಾರೆ. ಶುಲ್ಕಕ್ಕಿಂತ ಭಾಷೆಯೇ ದೊಡ್ಡ ಹೊಸ್ತಿಲು.

ಬಾನಿ, ಹುದುಗು, ಹದ, ಒಗರು, ಪಟಿಕ, ಅಳಲೆಕಾಯಿ ಮುಂತಾದ ಮಾತುಗಳು ಕಸುಬಿನೊಡನೆ ಮರೆಯಾಗುತ್ತಿವೆ. ಇವನ್ನು ಪದಕೋಶಕ್ಕೆ ಸೇರಿಸಿದರಷ್ಟೇ ಸಾಲದು. ರಸಾಯನಶಾಸ್ತ್ರ ಬಲ್ಲವರೊಡನೆ ಕೂತು ಪ್ರತಿಯೊಂದು ಮಾತಿನ ಹಿಂದಿರುವ ಕ್ರಿಯೆಯನ್ನು ದಾಖಲಿಸಬೇಕಾಗಿದೆ. ಹಾಗೆ ಮಾಡಿದಲ್ಲಿ ಈ ಸೀಮೆಯಿಂದ ಪರದೇಶಕ್ಕೆ ಓದಲು ಹೋಗುವ ವಿದ್ಯಾರ್ಥಿ, ತನ್ನ ಹಿರಿಯರಿಗೆ ಗೊತ್ತಿದ್ದ ವಿದ್ಯೆಯೊಂದರ ಮುಂದಿನ ಪಾಠಕ್ಕೆ ಹೊರಟವನಾಗುತ್ತಾನೆ.